ಕೆನಡಾದ ಕೋ-ಆಪ್, ದಾವಣಗೆರೆಯ ಸೊಸೈಟಿ: ಎಲ್ಲಿ ಕೂತರೆ ಡೇಟಾ ಕೆಲಸ ಬರುತ್ತದೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಎಂ.ಕಾಂ. ಮೊದಲ ವರ್ಷ ಓದುತ್ತಿದ್ದೇನೆ. ನನ್ನ ದೊಡ್ಡಪ್ಪನ ಮಗ ಕೆನಡಾದಲ್ಲಿ ಕೋ-ಆಪ್ ಎಂಬ ಪದ್ಧತಿಯಲ್ಲಿ ಓದುತ್ತಿದ್ದಾನೆ. ನಾಲ್ಕು ತಿಂಗಳು ಕಾಲೇಜು, ನಾಲ್ಕು ತಿಂಗಳು ಕಂಪನಿಯಲ್ಲಿ ಹಣಕಾಸು ಮತ್ತು ಡೇಟಾ ಅನಾಲಿಸಿಸ್ ಕೆಲಸ. ಸಂಬಳವೂ ಇದೆ. ನನಗೂ ಮುಂದೆ ಅದೇ ಕೆಲಸ ಬೇಕು. ಈ ರಜೆಯಲ್ಲಿ ನನಗೆ ಎರಡು ದಾರಿ ಇವೆ. ಒಂದು, ಆರು ವಾರದ ಆನ್‌ಲೈನ್ ಇಂಟರ್ನ್‌ಶಿಪ್. ನಾವೇ 7,000 ರೂಪಾಯಿ ಕಟ್ಟಬೇಕು, ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರೆ. ಇನ್ನೊಂದು, ಅಪ್ಪನಿಗೆ ಪರಿಚಯ ಇರುವ ಒಂದು ಪತ್ತಿನ ಸಹಕಾರ ಸಂಘ. ಅದು ಬೇಡ ಅಂದರೆ ಎಪಿಎಂಸಿಯಲ್ಲಿ ಮಾವನ ದಲಾಲಿ ಅಂಗಡಿ ಇದೆ. ಸೊಸೈಟಿಯಲ್ಲಿ ಕೂತರೆ ಡೇಟಾ ಅನಾಲಿಸಿಸ್ ಬರುತ್ತಾ? ರೆಸ್ಯೂಮೆಯಲ್ಲಿ ಹಾಕಿದರೆ ಬೆಂಗಳೂರಿನವರು ನಗುವುದಿಲ್ವಾ?

ಉತ್ತರ: ನಿನ್ನ ಪ್ರಶ್ನೆ ಓದುವಾಗ ನಮ್ಮಮ್ಮ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೆನಡಾದಲ್ಲಿ ಒಬ್ಬ ಹುಡುಗ ಕೋ-ಆಪ್‌ನಲ್ಲಿ ಕೆಲಸ ಮಾಡುತ್ತಾನಂತೆ ಅಂದೆ. "ಅಷ್ಟು ದೂರ ಹೋಗಿ ಸೊಸೈಟಿ ಸೇರಿದನಾ? ಇಲ್ಲೇ ಸಿಗುತ್ತಿತ್ತಲ್ಲ" ಅಂದರು. ನಮ್ಮೂರಲ್ಲಿ ಕೋ-ಆಪ್ ಅಂದರೆ ಸಹಕಾರಿ ಬ್ಯಾಂಕು, ಇನ್ನೇನೂ ಅಲ್ಲ. ನಾನು ನಕ್ಕೆ. ಆಮೇಲೆ ಯೋಚನೆ ಮಾಡಿದರೆ ನಿನಗೆ ಹೇಳಬೇಕಾದ ಉತ್ತರವೂ ಅದೇ ಅನ್ನಿಸಿತು. ಸೊಸೈಟಿಗೆ ಹೋಗಮ್ಮ. 7,000 ಕಟ್ಟಬೇಡ. ಆದರೆ ಒಂದು ಶರತ್ತು: ಒಂದು ಸಲ ಹೋಗಿ ಬಂದರೆ ಸಾಲದು, ಎರಡು ಸಲ ಹೋಗಬೇಕು. ಈ ರಜೆಯಲ್ಲಿ ಒಮ್ಮೆ, ಡಿಸೆಂಬರ್-ಜನವರಿಯಲ್ಲಿ ಇನ್ನೊಮ್ಮೆ.

ಯಾಕೆ ಎರಡು ಸಲ ಅಂತ ಗೊತ್ತಾಗಬೇಕಾದರೆ ನಿಮ್ಮಣ್ಣನ ಕೋ-ಆಪ್ ಏನು ಅಂತ ಸರಿಯಾಗಿ ನೋಡಬೇಕು. ಇದು ಹೊಸದಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಎಂಜಿನಿಯರಿಂಗ್ ಮೇಷ್ಟ್ರು 27 ಹುಡುಗರನ್ನು ಕಟ್ಟಿಕೊಂಡು ಶುರು ಮಾಡಿದರು. ಒಂದು ಸರದಿ ತರಗತಿ, ಒಂದು ಸರದಿ ಕಾರ್ಖಾನೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಶುರುವಾಗಿದ್ದೇ ಈ ಪದ್ಧತಿ ಇಟ್ಟುಕೊಂಡು. ಅಲ್ಲಿ ನಾಲ್ಕು ತಿಂಗಳ ಸರದಿ. ಜನ ಸಂಬಳದ ಮಾತನ್ನೇ ದೊಡ್ಡದು ಮಾಡುತ್ತಾರೆ, ನೀನೂ ಅದನ್ನೇ ಬರೆದಿದ್ದೀಯ. ನನಗೆ ಅದರಲ್ಲಿ ಮುಖ್ಯ ಅನ್ನಿಸುವುದು ವಾಪಸ್ ಹೋಗುವುದು. ಕೆಲಸದಲ್ಲಿ ಅರ್ಥವಾಗದ್ದನ್ನು ತರಗತಿಗೆ ತರುತ್ತಾರೆ, ತರಗತಿಯಲ್ಲಿ ಕಲಿತದ್ದನ್ನು ಮತ್ತೆ ಕೆಲಸಕ್ಕೆ ಒಯ್ಯುತ್ತಾರೆ. ನಮ್ಮ ಇಂಟರ್ನ್‌ಶಿಪ್ ಹಾಗಲ್ಲ. ಮದುವೆಗೆ ಹೋಗಿ ಊಟ ಮಾಡಿ ಬಂದ ಹಾಗೆ, ಒಂದು ಸಲ, ಒಂದು ಫೋಟೋ, ಒಂದು ಸರ್ಟಿಫಿಕೇಟ್.

ಇನ್ನು ಆ ದುಡ್ಡು ಕಟ್ಟುವ ಇಂಟರ್ನ್‌ಶಿಪ್. ಕೆಲಸ ಮಾಡಿದವರಿಗೆ ದುಡ್ಡು ಬರಬೇಕು, ಹೋಗಬಾರದು. ಅದನ್ನು ಬಿಡು, ಅಲ್ಲಿ ಕೊಡುವ ಡೇಟಾ ಯಾವುದು ಅಂತ ಕೇಳಿ ನೋಡು. ಬಹಳ ಕಡೆ ಟೈಟಾನಿಕ್ ಹಡಗಿನ 891 ಪ್ರಯಾಣಿಕರ ಪಟ್ಟಿ ಕೊಟ್ಟು ಯಾರು ಬದುಕಿದರು ಹೇಳು ಅನ್ನುತ್ತಾರೆ. ಇಲ್ಲವಾದರೆ 150 ಹೂವಿನ ಅಳತೆ. ಅಭ್ಯಾಸಕ್ಕೆ ಅವು ಚೆನ್ನಾಗಿವೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಆ ಡೇಟಾವನ್ನು ಯಾರೋ ಆಗಲೇ ತೊಳೆದು ಮಡಚಿ ಇಟ್ಟಿದ್ದಾರೆ. ನೀನು ತಪ್ಪು ಉತ್ತರ ಕೊಟ್ಟರೂ ಯಾರೂ ಬಂದು ಜಗಳ ಮಾಡುವುದಿಲ್ಲ. ಸೊಸೈಟಿಯಲ್ಲಿ ತಪ್ಪಾದರೆ ಮಾರನೇ ದಿನ ಬೆಳಗ್ಗೆ ಒಬ್ಬರು ಪಾಸ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ಇದು ನನ್ನ ಅನುಭವವೇ. ಓದು ಮುಗಿಸಿದ ಹೊಸದರಲ್ಲಿ ಒಂದು ವ್ಯಾಪಾರದ ಆಫೀಸಿನಲ್ಲಿ ಲೆಕ್ಕ ನೋಡುತ್ತಿದ್ದೆ. ಉದ್ರಿ ಬಾಕಿ ಇರುವವರಿಗೆಲ್ಲ ಪತ್ರ ಕಳಿಸಬೇಕಿತ್ತು. ಎರಡು ಎಕ್ಸೆಲ್ ಪಟ್ಟಿ ಇದ್ದವು, ಒಂದರಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕಿ ತರುವ ವಿ-ಲುಕಪ್ ಸೂತ್ರ ಹಾಕಿ ಜೋಡಿಸಿದೆ. ಆ ಸೂತ್ರದ ಕೊನೆಯಲ್ಲಿ ಫಾಲ್ಸ್ ಅಂತ ಬರೆಯಬೇಕು, ನಾನು ಬರೆಯಲಿಲ್ಲ. ಬರೆಯದಿದ್ದರೆ ಎಕ್ಸೆಲ್ ಪಕ್ಕಾ ಹೊಂದುವುದನ್ನು ಹುಡುಕುವುದಿಲ್ಲ, ಪಟ್ಟಿ ಅನುಕ್ರಮದಲ್ಲಿದೆ ಅಂದುಕೊಂಡು ಹತ್ತಿರದ್ದನ್ನು ಎತ್ತಿ ಕೊಡುತ್ತದೆ. ದೋಷ ಅಂತಲೂ ತೋರಿಸುವುದಿಲ್ಲ. ಬಾಕಿಯೇ ಇಲ್ಲದವರಿಗೆ ಬಾಕಿ ಪತ್ರ ಹೋಯಿತು. ಅವರಲ್ಲಿ ಒಬ್ಬ ಹಿರಿಯರು ರಸೀದಿ ತಂದು ನನ್ನ ಮೇಜಿನ ಮೇಲೆ ಇಟ್ಟು ಏನೂ ಮಾತಾಡದೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿದ್ದ ಹಳೇ ಗುಮಾಸ್ತರು ಆಮೇಲೆ ಕೇಳಿದ್ದು ಒಂದೇ ಮಾತು: "ಒಟ್ಟು ತಾಳೆ ನೋಡಿದ್ದೆಯಾ?" ನೋಡಿರಲಿಲ್ಲ. ಖಾತೆಯ ಒಟ್ಟು ಬಾಕಿಗೂ ನನ್ನ ಪಟ್ಟಿಯ ಒಟ್ಟಿಗೂ ತಾಳೆ ಹಾಕಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅವರು ಕಿರ್ದಿಯ ಪ್ರತಿ ಪುಟದ ಕೆಳಗೆ ಒಟ್ಟು ಬರೆದು ಮುಂದಿನ ಪುಟಕ್ಕೆ ಒಯ್ಯುತ್ತಿದ್ದರು. ನಾನು ಅದನ್ನು ಹಳೇ ಕಾಲದ ಚಟ ಅಂದುಕೊಂಡಿದ್ದೆ. ಈಗ ಪ್ರತಿ ಹೆಜ್ಜೆಯಲ್ಲೂ ನಾನೂ ಅದನ್ನೇ ಮಾಡುತ್ತೇನೆ: ಎಷ್ಟು ಸಾಲು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಮೊತ್ತ ಅದೇ ಇದೆಯಾ.

ಸರಿ, ಸೊಸೈಟಿಯಲ್ಲಿ ಏನು ಮಾಡುತ್ತೀಯ? ಮೊದಲ ವಾರ ಬೇಜಾರಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಡೇಟಾ ಗಲೀಜಾಗಿರುತ್ತದೆ. ಒಬ್ಬನೇ ಸದಸ್ಯ ಒಂದು ಕಡೆ ಬಸವರಾಜಪ್ಪ, ಇನ್ನೊಂದು ಕಡೆ ಬಸವರಾಜ್, ಮೂರನೇ ಕಡೆ ಇಂಗ್ಲಿಷಿನಲ್ಲಿ ಬೇರೆ ಕಾಗುಣಿತ. ಹೆಸರು ಹಿಡಿದು ಜೋಡಿಸಲು ಹೋಗಬೇಡ, ಸದಸ್ಯತ್ವ ಸಂಖ್ಯೆ ಹಿಡಿ. ಹಳೇ ಪಟ್ಟಿಗಳು ನುಡಿ ಫಾಂಟಿನಲ್ಲಿ ಟೈಪಾಗಿದ್ದರೆ ಎಕ್ಸೆಲ್‌ನಲ್ಲಿ ಬೇರೆ ಫಾಂಟಿಗೆ ಹೋದ ಕೂಡಲೇ ಏನೇನೋ ಅಕ್ಷರ ಕಾಣುತ್ತದೆ. ಅದನ್ನು ಯುನಿಕೋಡ್‌ಗೆ (ಯಾವ ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುವ ಅಕ್ಷರ ಪದ್ಧತಿ) ಬದಲಾಯಿಸಿಕೊಳ್ಳದೆ ಮುಂದೆ ಹೋಗಲಾಗದು. ಇದನ್ನು ಯಾವ ಆನ್‌ಲೈನ್ ಕೋರ್ಸಿನಲ್ಲೂ ಹೇಳಿಕೊಡುವುದನ್ನು ನಾನು ನೋಡಿಲ್ಲ.

ದಿನಾಂಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಸಾಲದ ಲೆಕ್ಕವೆಲ್ಲ ನಿಂತಿರುವುದೇ ದಿನಗಳ ಮೇಲೆ. 03-04-2025 ಅಂದರೆ ನಮಗೆ ಏಪ್ರಿಲ್ 3. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದಕ್ಕೆ ಅದು ಮಾರ್ಚ್ 4. 13-04-2025 ಬಂದರೆ ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ ಸುಮ್ನೆ ಅಕ್ಷರ ಅಂತ ಬಿಟ್ಟುಬಿಡುತ್ತದೆ. ಅಂದರೆ ಒಂದೇ ಕಾಲಂನಲ್ಲಿ ಅರ್ಧ ತಪ್ಪು ದಿನಾಂಕ, ಅರ್ಧ ದಿನಾಂಕವೇ ಅಲ್ಲ. ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿದ್ದರೆ ಅಲ್ಲೇ ಅನುಮಾನ ಪಡು. ಹಾಗೆಯೇ ಖಾತೆ ಸಂಖ್ಯೆ: ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಹದಿನಾರನೆಯದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ಮುಂದಿರುವ ಸೊನ್ನೆಗಳನ್ನೂ ನುಂಗುತ್ತದೆ. ಖಾತೆ ಸಂಖ್ಯೆಯನ್ನು ಸಂಖ್ಯೆ ಅಂತ ತೆರೆಯಲೇಬೇಡ, ಅಕ್ಷರ ಅಂತ ತೆರೆ.

ಇಷ್ಟಾದ ಮೇಲೆ ನಿಜವಾದ ಕೆಲಸ. ಒಂದೇ ಪ್ರಶ್ನೆ ಹಿಡಿದುಕೋ, ಹತ್ತು ಬೇಡ. ನಾನಾದರೆ ಸುಸ್ತಿಯನ್ನು ಹಿಡಿಯುತ್ತೇನೆ. ಯಾರು ಕಂತು ಕಟ್ಟುವುದು ತಡ ಮಾಡುತ್ತಿದ್ದಾರೆ, ಎಷ್ಟು ದಿನ, ಅವರಲ್ಲಿ ಯಾರು ಕಟ್ಟುತ್ತಾರೆ, ಯಾರು ಕಟ್ಟುವುದಿಲ್ಲ. ಬ್ಯಾಂಕುಗಳಲ್ಲಿ ಇದಕ್ಕೆ ರಿಸರ್ವ್ ಬ್ಯಾಂಕ್ ಗೆರೆ ಎಳೆದಿದೆ: 30 ದಿನದವರೆಗೆ ಒಂದು ಗುಂಪು, 31ರಿಂದ 60 ಇನ್ನೊಂದು, 61ರಿಂದ 90 ಮತ್ತೊಂದು, 90 ದಾಟಿದರೆ ಕೆಟ್ಟ ಸಾಲ, ಅಂದರೆ ಎನ್‌ಪಿಎ. ಬೆಳೆ ಸಾಲಕ್ಕೆ ದಿನದ ಲೆಕ್ಕ ಇಲ್ಲ, ಬೆಳೆಯ ಲೆಕ್ಕ. ಬೇಗ ಬರುವ ಬೆಳೆಯಾದರೆ ಎರಡು ಹಂಗಾಮು, ಬಹಳ ದಿನ ತೆಗೆದುಕೊಳ್ಳುವ ಬೆಳೆಯಾದರೆ ಒಂದು ಹಂಗಾಮು ದಾಟಬೇಕು. ಪತ್ತಿನ ಸಂಘಗಳು ಸಹಕಾರ ಇಲಾಖೆಯ ಕೆಳಗೆ ಬರುತ್ತವೆ, ಅವುಗಳ ಲೆಕ್ಕದ ನಿಯಮ ಬೇರೆ, ಕಾರ್ಯದರ್ಶಿಯವರನ್ನು ಕೇಳಿಕೋ. ಆದರೆ ಕಲಿಯಲು ಈ ನಾಲ್ಕು ಡಬ್ಬಿ ಸಾಕು. ಪ್ರತಿ ಸಾಲವನ್ನೂ ಯಾವುದಾದರೂ ಒಂದು ಡಬ್ಬಿಗೆ ಹಾಕು.

ಆಮೇಲೆ ಮಜಾ ಇರುವುದು. ಮೇ ಕೊನೆಗೆ ಮೊದಲ ಡಬ್ಬಿಯಲ್ಲಿ 200 ಜನ ಇದ್ದರು ಅಂದುಕೋ. ಜೂನ್ ಕೊನೆಗೆ ಅವರೆಲ್ಲ ಎಲ್ಲಿದ್ದಾರೆ? 120 ಜನ ಕಟ್ಟಿ ಹೊರಬಂದರು, 50 ಜನ ಒಂದೇ ಕಂತು ಕಟ್ಟಿ ಅಲ್ಲೇ ಉಳಿದರು, 30 ಜನ ಎರಡನೇ ಡಬ್ಬಿಗೆ ಉರುಳಿದರು. ಅಂದರೆ ನೂರಕ್ಕೆ 15. ಇದಕ್ಕೆ ರೋಲ್ ರೇಟ್ ಅನ್ನುತ್ತಾರೆ. ದೊಡ್ಡ ಬ್ಯಾಂಕುಗಳ ರಿಸ್ಕ್ ವಿಭಾಗದಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಮಾಡುವುದೂ ಇದನ್ನೇ, ಡಬ್ಬಿಗಳು ಜಾಸ್ತಿ ಇರುತ್ತವೆ ಅಷ್ಟೇ. ನಿನಗೆ ಬೇಕಾದ ಕೆಲಸದ ಮೊದಲ ಪಾಠ ಇದು, ಸಿಗುವುದು ಅಪ್ಪನ ಪರಿಚಯದ ಸೊಸೈಟಿಯಲ್ಲಿ.

ಇದನ್ನೇ ಜನರ ಲೆಕ್ಕದಲ್ಲೂ ಮಾಡು, ರೂಪಾಯಿ ಲೆಕ್ಕದಲ್ಲೂ ಮಾಡು. ಎರಡೂ ಬೇರೆ ಬೇರೆ ಕತೆ ಹೇಳುತ್ತವೆ. ಸಣ್ಣ ಸಾಲದ ನೂರು ಜನ ತಡ ಮಾಡಿರುವುದಕ್ಕಿಂತ ಒಬ್ಬ ದೊಡ್ಡ ಸಾಲಗಾರ ತಡ ಮಾಡಿದರೆ ಸಂಘಕ್ಕೆ ಜಾಸ್ತಿ ಪೆಟ್ಟು. ಸರಾಸರಿಯನ್ನಂತೂ ಕಣ್ಣು ಮುಚ್ಚಿ ನಂಬಬೇಡ. ಒಂಬತ್ತು ಜನಕ್ಕೆ 50,000 ಸಾಲ, ಹತ್ತನೆಯವರಿಗೆ 20 ಲಕ್ಷ ಇದ್ದರೆ ಸರಾಸರಿ 2.45 ಲಕ್ಷ ಬರುತ್ತದೆ. ಅಷ್ಟು ಸಾಲ ಇರುವವರು ಆ ಹತ್ತರಲ್ಲಿ ಒಬ್ಬರೂ ಇಲ್ಲ.

ಈಗ ಎರಡನೇ ಸಲದ ವಿಷಯ. ಜೂನ್‌ನಲ್ಲಿ ನಿನ್ನ ಪಟ್ಟಿ ನೋಡಿದರೆ ಸುಸ್ತಿ ಎದ್ದು ಕಾಣುತ್ತದೆ. ಗಾಬರಿಯಾಗಿ ಇಷ್ಟು ಜನ ಕೈಕೊಟ್ಟರು ಅಂತ ಬರೆದುಬಿಡಬೇಡ. ನಮ್ಮ ಜಿಲ್ಲೆಯಲ್ಲಿ ಜೂನ್ ಅಂದರೆ ಮೆಕ್ಕೆಜೋಳ ಬಿತ್ತುವ ಕಾಲ. ರೈತನ ಕೈಯಿಂದ ಬೀಜಕ್ಕೆ, ಗೊಬ್ಬರಕ್ಕೆ ರೊಕ್ಕ ಹೋಗುವ ತಿಂಗಳು. ಜೋಳ ಮಂಡಿಗೆ ಬರಲು ಶುರುವಾಗುವುದು ಅಕ್ಟೋಬರ್ ಆದ ಮೇಲೆ. ಭದ್ರಾ ನಾಲೆ ಕೆಳಗೆ ಎರಡು ಭತ್ತ ತೆಗೆಯುವವರ ಲೆಕ್ಕ ಮತ್ತೆ ಬೇರೆ. ಅವರ ಕೈಗೆ ಬೇಸಿಗೆ ಬೆಳೆಯ ದುಡ್ಡು ಈಗಷ್ಟೇ ಬಂದಿರಬಹುದು. ಮಂಡಕ್ಕಿ ಭಟ್ಟಿಯವರು, ಬಟ್ಟೆ ಅಂಗಡಿಯವರು, ಆಟೋ ಓಡಿಸುವವರು, ಇವರಿಗೆಲ್ಲ ದುಡ್ಡು ಓಡಾಡುವ ತಿಂಗಳೇ ಬೇರೆ. ಹಾಗಾಗಿ ಜೂನ್ ವಸೂಲಿಯನ್ನು ಮೇ ವಸೂಲಿಗೆ ಹೋಲಿಸಬೇಡ, ಹೋದ ವರ್ಷದ ಜೂನ್‌ಗೆ ಹೋಲಿಸು.

ಒಂದು ಕೆಲಸ ಮಾಡು. ಜೂನ್‌ನಲ್ಲಿ ಸುಸ್ತಿ ಇರುವವರಲ್ಲಿ ನಲವತ್ತು ಸದಸ್ಯತ್ವ ಸಂಖ್ಯೆ ಆರಿಸು. ಪ್ರತಿಯೊಂದರ ಮುಂದೆ ಡಿಸೆಂಬರ್ ಒಳಗೆ ಕಟ್ಟುತ್ತಾರೆ ಅಥವಾ ಕಟ್ಟುವುದಿಲ್ಲ ಅಂತ ನಿನ್ನ ಊಹೆ ಬರೆ, ಯಾಕೆ ಅಂತ ಒಂದು ಸಾಲು ಬರೆ. ಅದನ್ನು ಲಕೋಟೆಗೆ ಹಾಕಿ ಕಾರ್ಯದರ್ಶಿಯವರ ಕಪಾಟಿನಲ್ಲೇ ಇಟ್ಟು ಬಾ. ಬೇಕಾದರೆ ಪಿಗ್ಮಿ ಏಜೆಂಟರೊಬ್ಬರಿಗೂ ಅದೇ ಪಟ್ಟಿ ಕೊಟ್ಟು ಅವರ ಊಹೆಯನ್ನೂ ಬರೆಸು. ಡಿಸೆಂಬರ್ ಕೊನೆಗೆ ವಾಪಸ್ ಹೋಗಿ ಲಕೋಟೆ ಒಡೆ. ನಾನು ಹೇಳುತ್ತೇನೆ, ಪಿಗ್ಮಿ ಏಜೆಂಟರೇ ಗೆಲ್ಲುತ್ತಾರೆ. ದಿನಾ ಸಂಜೆ ಅಂಗಡಿ ಅಂಗಡಿಗೆ ಹೋಗಿ ಐವತ್ತು ನೂರು ಎತ್ತುವವರಿಗೆ ಯಾರ ವ್ಯಾಪಾರ ಮಂಕಾಗಿದೆ ಅಂತ ನಿನ್ನ ಎಕ್ಸೆಲ್‌ಗಿಂತ ಮೊದಲೇ ಗೊತ್ತಿರುತ್ತದೆ. ಆಗ ನೀನು ಕೇಳಬೇಕಾದದ್ದು, ಅವರು ನೋಡಿದ್ದು ಏನು, ಅದು ನಮ್ಮ ಡೇಟಾದಲ್ಲಿ ಎಲ್ಲಾದರೂ ಇದೆಯಾ? ಪಿಗ್ಮಿ ಕಟ್ಟುವುದು ವಾರಕ್ಕೆ ಆರು ದಿನದಿಂದ ಮೂರು ದಿನಕ್ಕೆ ಇಳಿದವರೇ ಮುಂದೆ ಕಂತು ತಪ್ಪಿಸಿದರಾ? ಇದು ಹೌದು ಅಂತ ಬಂದರೆ ನಿನ್ನ ಕೈಯಲ್ಲಿ ಒಳ್ಳೇ ಸುಳಿವೊಂದು ಸಿಕ್ಕಿತು. ಅಲ್ಲ ಅಂತ ಬಂದರೂ ಬರೆದಿಡು. ಒಂದೇ ಸಲ ಹೋಗಿ ಬಂದವರಿಗೆ ತಮ್ಮ ಊಹೆ ಸರಿಯಾಯಿತಾ ಅಂತ ನೋಡುವ ಅವಕಾಶವೇ ಇರುವುದಿಲ್ಲ.

ಇಲ್ಲೊಂದು ಪಕ್ಕದ ಮಾತು. ಕಾಲೇಜಿನಲ್ಲಿ ಬೆನ್‌ಫರ್ಡ್ ನಿಯಮ ಅಂತ ಹೇಳಿಕೊಟ್ಟಿರಬಹುದು: ಸಹಜವಾಗಿ ಬೆಳೆದ ಲೆಕ್ಕಗಳಲ್ಲಿ 1ರಿಂದ ಶುರುವಾಗುವ ಮೊತ್ತಗಳು ಸುಮಾರು ಶೇ. 30, 9ರಿಂದ ಶುರುವಾಗುವವು ಶೇ. 5ಕ್ಕಿಂತ ಕಡಿಮೆ ಇರುತ್ತವೆ, ಹಾಗಿಲ್ಲದಿದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತ ಅನುಮಾನ ಪಡಬಹುದು. ಉತ್ಸಾಹದಲ್ಲಿ ಅದನ್ನು ಪಿಗ್ಮಿಗೆ ಹಚ್ಚಬೇಡ. ಜನ ಕಟ್ಟುವುದೇ 50, 100, 200. ಅಲ್ಲಿ ನಿಯಮ ಮುರಿದೇ ಮುರಿಯುತ್ತದೆ, ಪಾಪ ಏಜೆಂಟರ ಮೇಲೆ ಸುಮ್ನೆ ಆಪಾದನೆ ಬರುತ್ತದೆ.

ಮಾರ್ಚ್ ತಿಂಗಳ ಲೆಕ್ಕ ನೋಡುವಾಗ ಇನ್ನೊಂದು ಕಣ್ಣಿಗೆ ಬೀಳಬಹುದು. ಮಾರ್ಚ್ ಕೊನೆಯಲ್ಲಿ ಸಾಲ ಚುಕ್ತಾ, ಏಪ್ರಿಲ್ ಮೊದಲ ವಾರ ಅದೇ ಸದಸ್ಯನಿಗೆ ಹೆಚ್ಚೂ ಕಡಿಮೆ ಅಷ್ಟೇ ಮೊತ್ತದ ಹೊಸ ಸಾಲ. ವರ್ಷದ ಕೊನೆಯಲ್ಲಿ ಪಟ್ಟಿ ಚೆನ್ನಾಗಿ ಕಾಣಲಿ ಅಂತ ಹಳೇ ಸಾಲವನ್ನೇ ತಿರುಗಿಸಿ ಹಾಕಿದರೂ ಹೀಗೆ ಕಾಣುತ್ತದೆ. ಪ್ರಾಮಾಣಿಕವಾಗಿ ಕಟ್ಟಿ ಮತ್ತೆ ಪಡೆದರೂ ಹೀಗೇ ಕಾಣುತ್ತದೆ. ಬೆಳೆ ಸಾಲದಲ್ಲಂತೂ ಕಟ್ಟಿ ಮತ್ತೆ ತೆಗೆದುಕೊಳ್ಳುವುದೇ ವಾಡಿಕೆ. ಕಂಡರೆ ಕಾರ್ಯದರ್ಶಿಯವರಿಗೆ ಒಬ್ಬರಿಗೇ ಹೋಗಿ ಇದು ಯಾಕೆ ಹೀಗೆ ಅಂತ ಕೇಳು. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಪತ್ತೇದಾರಿಕೆ ಮಾಡಬೇಡ. ಪೆನ್‌ಡ್ರೈವ್‌ನಲ್ಲಿ ಸದಸ್ಯರ ಪಟ್ಟಿ ಮನೆಗೆ ತರುವುದಂತೂ ಬೇಡವೇ ಬೇಡ. ಜನರ ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಪಕ್ಕದ ಬೀದಿಯವರ ಸಾಲ ನಿನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗಬಾರದು. ಕೆಲಸ ಅಲ್ಲೇ ಮಾಡು, ಹೆಸರು, ಫೋನ್, ಆಧಾರ್ ಕಾಲಂ ತೆಗೆದುಹಾಕಿಸಿ ಮಾಡು.

ಮಾವನ ದಲಾಲಿ ಅಂಗಡಿಯನ್ನು ಪೂರ್ತಿ ಬಿಡಬೇಡ. ಅಕ್ಟೋಬರ್ ನಂತರ ಒಂದೆರಡು ಶನಿವಾರ ಹೋಗಿ ಕೂತುಕೋ. ಅಲ್ಲಿ ಕಲಿಯುವ ಲೆಕ್ಕ ಒಂದು ಹೇಳುತ್ತೇನೆ. ಮೆಕ್ಕೆಜೋಳದ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು. ಅದಕ್ಕೆ ತೇವ ಶೇ. 14 ದಾಟಬಾರದು. ಮಂಡಿಗೆ ಹಸಿ ಜೋಳ ಬಂತು, ತೇವ ಶೇ. 20, ರೇಟು 2,000 ಅಂದುಕೋ. 100 ಕೆ.ಜಿ.ಯಲ್ಲಿ ನೀರು ಬಿಟ್ಟರೆ ಜೋಳ ಇರುವುದು 80 ಕೆ.ಜಿ. ಅದನ್ನು ಶೇ. 14ಕ್ಕೆ ಒಣಗಿಸಿದರೆ 80ನ್ನು 0.86ರಿಂದ ಭಾಗಿಸಬೇಕು, 93 ಕೆ.ಜಿ. ಉಳಿಯುತ್ತದೆ. ತುಂಬಾ ಜನ 20ರಲ್ಲಿ 14 ಕಳೆದು ಆರು ಕೆ.ಜಿ. ಹೋಯಿತು ಅನ್ನುತ್ತಾರೆ, ಹೋಗುವುದು ಏಳು. ಆ 2,000 ರೇಟು ಒಣ ಜೋಳದ ಲೆಕ್ಕದಲ್ಲಿ 2,150 ಆಯಿತು. ಅದಕ್ಕೆ ಹಮಾಲಿ, ಒಣಗಿಸುವ ಖರ್ಚು ಬೇರೆ. ತೇವ ಬರೆಯದೆ ಬರೀ ರೇಟುಗಳ ಪಟ್ಟಿ ಇಟ್ಟುಕೊಂಡು ಇವತ್ತು ಬೆಲೆ ಬಿತ್ತು, ನಾಳೆ ಏರಿತು ಅನ್ನುವ ಚಾರ್ಟ್ ಎಷ್ಟು ಬಣ್ಣದಲ್ಲಿದ್ದರೂ ಪ್ರಯೋಜನ ಇಲ್ಲ.

ಸಂಬಳದ ಮಾತು. ಕೆನಡಾದ ಸಂಬಳ ಇಲ್ಲಿ ಸಿಗುವುದಿಲ್ಲ, ಆದರೆ ಬಸ್ ಚಾರ್ಜಾದರೂ ಕೊಡಿ ಅಂತ ಕೇಳು, ನಾಚಿಕೆ ಬೇಡ. ಪುಕ್ಕಟೆ ಬಂದವರಿಗೆ ಜೆರಾಕ್ಸ್ ಕೆಲಸವೇ ಸಿಗುವುದು ಜಾಸ್ತಿ. ಕೇಂದ್ರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಗ್ಗೆ ಯಾರಾದರೂ ಹೇಳಿದರೆ ನಿಯಮ ಓದಿಕೋ. 2024ರಲ್ಲಿ ಶುರುವಾದಾಗ ಪೂರ್ಣಾವಧಿ ಓದುತ್ತಿರುವವರಿಗೆ ಅದರಲ್ಲಿ ಅವಕಾಶ ಇರಲಿಲ್ಲ.

ಏನು ಕಲಿತುಕೊಂಡು ಹೋಗಬೇಕು ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ರಜೆಗೆ ಎಕ್ಸೆಲ್‌ನಲ್ಲಿ ಗುಂಪು ಮಾಡಿ ಒಟ್ಟು ತೆಗೆಯುವ ಪಿವಟ್ ಟೇಬಲ್ ಮತ್ತು ಗಲೀಜು ಡೇಟಾ ತೊಳೆಯುವ ಪವರ್ ಕ್ವೆರಿ ಸಾಕು. ನಡುವಿನ ಸೆಮಿಸ್ಟರ್‌ನಲ್ಲಿ ಡೇಟಾಬೇಸ್‌ನಿಂದ ಲೆಕ್ಕ ತೆಗೆಯುವ ಎಸ್‌ಕ್ಯೂಎಲ್ ಭಾಷೆ ಕಲಿ, ಎರಡನೇ ಸಲ ಹೋದಾಗ ಅದೇ ಡಬ್ಬಿ ಲೆಕ್ಕವನ್ನು ಅದರಲ್ಲಿ ಮಾಡು. ಪೈಥಾನ್ ಆಮೇಲೆ. ಹೊರಡುವ ಮುಂಚೆ ನಾಲ್ಕು ಪುಟದ ವರದಿ ಬರೆದು ಕೊಡು, ಕೆನಡಾದಲ್ಲೂ ಕೆಲಸದ ಸರದಿ ಮುಗಿದಾಗ ವರದಿ ಬರೆಸುವ ರೂಢಿ ಇದೆ. ಕನ್ನಡದಲ್ಲೇ ಬರೆ. ಅಧ್ಯಕ್ಷರು, ನಿರ್ದೇಶಕರು ಓದಬೇಕಲ್ವಾ. ಸೆಪ್ಟೆಂಬರ್‌ನ ಸರ್ವಸದಸ್ಯರ ಸಭೆಗೆ ಮುಂಚೆ ಕೈಗೆ ಸಿಕ್ಕರೆ ಅವರಿಗೂ ಉಪಯೋಗ.

ಇನ್ನು ಬೆಂಗಳೂರಿನವರು ನಗುತ್ತಾರಾ ಅನ್ನುವುದು. ರೆಸ್ಯೂಮೆಯಲ್ಲಿ "ಎಕ್ಸೆಲ್, ಪವರ್ ಬಿಐ ಗೊತ್ತು, ಸಹಕಾರ ಸಂಘದಲ್ಲಿ ಇಂಟರ್ನ್" ಅಂತ ಬರೆದರೆ ನಗುವುದೂ ಇಲ್ಲ, ಓದುವುದೇ ಇಲ್ಲ. ನಾನು ಕೆಲವು ವರ್ಷ ಸಂದರ್ಶನದ ಮೇಜಿನ ಆಚೆ ಕೂತಿದ್ದೇನೆ. ಮುನ್ನೂರು ರೆಸ್ಯೂಮೆಯಲ್ಲಿ ಅದೇ ಸಾಲು ಇರುತ್ತದೆ. ನೀನು ಹೀಗೆ ಬರೆ: ಇಷ್ಟು ಸಾವಿರ ಸಾಲದ ಖಾತೆಗಳನ್ನು ತಡವಾದ ದಿನಗಳ ಮೇಲೆ ವಿಂಗಡಿಸಿದೆ, ಒಟ್ಟು ಮೊತ್ತ ಸಂಘದ ಖಾತೆಗೆ ತಾಳೆಯಾಯಿತು, ಜೂನ್‌ನಲ್ಲಿ ನಲವತ್ತು ಖಾತೆಗಳ ಮೇಲೆ ಊಹೆ ಬರೆದೆ, ಡಿಸೆಂಬರ್‌ನಲ್ಲಿ ಪರೀಕ್ಷಿಸಿದಾಗ ಇಷ್ಟು ಸರಿ, ಇಷ್ಟು ತಪ್ಪು. ತಪ್ಪಿನ ಸಂಖ್ಯೆ ಮುಚ್ಚಿಡಬೇಡ. ಆ ಸಾಲು ಇದ್ದ ರೆಸ್ಯೂಮೆ ಕೈಗೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆಯೇ ಅದು: ತಪ್ಪಾದವು ಯಾವುವು, ಯಾಕೆ ತಪ್ಪಾದವು? ಅದಕ್ಕೆ ಹತ್ತು ನಿಮಿಷ ಮಾತಾಡಬಲ್ಲವರು ಬಹಳ ಕಡಿಮೆ.

ಸೋಮವಾರ ಹೋಗಬೇಡ, ಕೌಂಟರಿನಲ್ಲಿ ಜನ ಜಾಸ್ತಿ ಇರುತ್ತಾರೆ. ಮಂಗಳವಾರ ಮಧ್ಯಾಹ್ನ ಮೂರರ ಮೇಲೆ ಅಪ್ಪನ ಜೊತೆ ಹೋಗು, ಆದರೆ ಮಾತು ನೀನೇ ಆಡು. ಡಿಸೆಂಬರ್‌ನಲ್ಲಿ ಮತ್ತೆ ಬರಬಹುದಾ ಅಂತ ಅವತ್ತೇ ಕೇಳಿಬಿಡು.